ಅಷ್ಟು ದೊಡ್ಡ ದನ ಕಾಣಲಿಲ್ಲವೇ?

ಕಳೆದ ಮಳೆಗಾಲದ ಒಂದು ರಾತ್ರಿ ಶಿರಸಿಯಿಂದ ಕುಮಟೆಗೆ ಬೈಕಿನಲ್ಲಿ ಬರುತ್ತಿದ್ದೆ. ದೇವಿಮನೆ ಘಟ್ಟ ಇಳಿದು ಕತಗಾಲದ ಹತ್ತಿರ ಬಂದಾಗ ಎಂಟೂವರೆಯ ಸುಮಾರು. ಮಳೆ ಆಗಷ್ಟೇ ನಿಂತಿತ್ತು. ಎದುರಿನಿಂದ ಬಿಳಿ ಎಲ್‌ಇಡಿ ದೀಪದ ಕಾರೊಂದು ಡಿಪ್ ಮಾಡದೆ ಬಂತು. ಅದು ನನ್ನನ್ನು ದಾಟಿದ್ದೇ ತಡ, ಚಕ್ರದ ಮುಂದೆ ಕಪ್ಪು ಗುಡ್ಡೆಯೊಂದು ನೆಲದಿಂದ ಎದ್ದಂತಾಯಿತು. ಮಲೆನಾಡು ಗಿಡ್ಡ ತಳಿಯ ಕರಿ ಆಕಳು ರಸ್ತೆಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಬ್ರೇಕ್ ಒತ್ತಿದೆ, ನಾನು ಒಂದು ಕಡೆ, ಬೈಕು ಇನ್ನೊಂದು ಕಡೆ. ಆಕಳು ಎದ್ದು, ಇದೆಲ್ಲ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಗಟಾರ ದಾಟಿ ಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ನನಗೂ ಏನೂ ಆಗಲಿಲ್ಲ.

ಪರಿಚಯದ ಚಹಾದಂಗಡಿಯವರು ಓಡಿಬಂದು ಎತ್ತಿ ಕೂರಿಸಿದರು. ಗಾಯದ ಮೇಲೆ ನೀರು ಸುರಿಯುತ್ತಲೇ ಕೇಳಿದರು: “ಅಲ್ಲ ಮಾಸ್ತರರೇ, ಅಷ್ಟು ದೊಡ್ಡ ದನ ಕಾಣಲಿಲ್ಲವೇ ನಿಮಗೆ?”

“ಕಾಣಲಿಲ್ಲ” ಎಂದೆ. ಅವರು ನಂಬಲಿಲ್ಲ. ನಂಬಿದಂತೆ ತಲೆಯಾಡಿಸಿದರು, ಅಷ್ಟೇ.

ಅಪಘಾತದ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ವಾಕ್ಯ ನಮಗೆಲ್ಲ ಬಾಯಿಪಾಠ: ‘ಚಾಲಕನು ಅತಿವೇಗ ಹಾಗೂ ನಿಷ್ಕಾಳಜಿಯಿಂದ ವಾಹನ ಚಲಾಯಿಸಿದ್ದೇ ಘಟನೆಗೆ ಕಾರಣ’. ಹಿಂದೆ ಐಪಿಸಿ 279 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಬಂತು. ಕಲಮಿನ ಸಂಖ್ಯೆ ಬದಲಾಯಿತು, ವಾಕ್ಯ ಹಾಗೆಯೇ ಉಳಿಯಿತು. ಅತಿವೇಗವೂ ನಿಷ್ಕಾಳಜಿಯೂ ನಮ್ಮ ರಸ್ತೆಗಳಲ್ಲಿ ಧಾರಾಳವಾಗಿಯೇ ಇವೆ, ಅದರಲ್ಲಿ ತಕರಾರಿಲ್ಲ. ಆದರೆ ಚಾಲಕ ‘ಕಾಣಲಿಲ್ಲ’ ಎಂದಾಗ ಅದನ್ನು ನೆಪವೆಂದು ಬದಿಗೆ ತಳ್ಳುತ್ತೇವಲ್ಲ, ಅಲ್ಲಿ ನಾವು ತಪ್ಪುತ್ತಿದ್ದೇವೆ. ಆ ಮಾತು ಎಷ್ಟೋ ಸಲ ಅಕ್ಷರಶಃ ನಿಜ. ನಮ್ಮ ಕರಾವಳಿಯ ಮಳೆಗಾಲದ ರಾತ್ರಿಯಲ್ಲಿ ರಸ್ತೆ, ದೀಪ, ದನ ಮೂರೂ ಸೇರಿ, ಮನುಷ್ಯನ ಮಿದುಳು ಎಲ್ಲಿ ಎಡವುತ್ತದೋ ಸರಿಯಾಗಿ ಅಲ್ಲಿಯೇ ಹೊಂಡ ತೋಡುತ್ತವೆ.

ಕಣ್ಣೆಂದರೆ ಕ್ಯಾಮೆರಾ ಎಂದು ಇಪ್ಪತ್ತು ವರ್ಷ ಎಂಟನೆಯ ತರಗತಿಗೆ ಪಾಠ ಮಾಡಿದವನು ನಾನೇ. ಮಸೂರ, ತಲೆಕೆಳಗಾದ ಬಿಂಬ, ಅಕ್ಷಿಪಟಲ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಐದು ಅಂಕ. ಪಾಠ ಅಲ್ಲಿಗೇ ನಿಲ್ಲುತ್ತಿದ್ದುದರಿಂದ ಅದು ಅರ್ಧ ಸತ್ಯ. ಕೈ ಚಾಚಿ ಹೆಬ್ಬೆರಳನ್ನು ನೋಡಿ. ಸುಮಾರು ಅದರ ಅಗಲದಷ್ಟು ಜಾಗ ಮಾತ್ರ ಯಾವುದೇ ಒಂದು ಕ್ಷಣದಲ್ಲಿ ನಮಗೆ ನಿಚ್ಚಳವಾಗಿ ಕಾಣುವುದು, ಉಳಿದದ್ದು ಮಸುಕು. ಒಂದೊಂದು ಕಣ್ಣಿನಲ್ಲೂ ಮಬ್ಬು ಬೆಳಕಿಗೆಂದು ಸುಮಾರು 12 ಕೋಟಿ ದಂಡಕೋಶಗಳು, ಬಣ್ಣ ಮತ್ತು ವಿವರಕ್ಕೆಂದು ಸುಮಾರು 60 ಲಕ್ಷ ಶಂಕುಕೋಶಗಳು ಇವೆ. ಆದರೆ ಅಲ್ಲಿಂದ ಮಿದುಳಿಗೆ ಹೊರಡುವ ನರದ ಎಳೆಗಳು ಹತ್ತು ಲಕ್ಷದಷ್ಟು. ಅಂದರೆ ಹೊರಡುವ ಮೊದಲೇ ಸುದ್ದಿಯನ್ನು ಸೋಸಿ, ಹಿಂಡಿ, ಸಂಕ್ಷೇಪಿಸಿ ಆಗಿರುತ್ತದೆ. ಸಾಲದ್ದಕ್ಕೆ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅತ್ತಿತ್ತ ಜಿಗಿಯುತ್ತದೆ, ಜಿಗಿಯುವ ಹೊತ್ತಿನ ಚಿತ್ರವನ್ನು ಮಿದುಳು ಅದುಮಿ ಹಾಕುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ಒಮ್ಮೆ, ಬಲಗಣ್ಣನ್ನು ಒಮ್ಮೆ ನೋಡಿಕೊಳ್ಳಿ. ಪಕ್ಕದವರಿಗೆ ನಿಮ್ಮ ಗುಡ್ಡೆ ಸರಿದಾಡುವುದು ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಹೀಗೆ ಬಂದ ಚಿಂದಿಗಳನ್ನು ಅಜ್ಜಿ ಕೌದಿ ಹೊಲಿದಂತೆ ಹೊಲಿದು, ‘ಎದುರಿಗಿರುವುದೆಲ್ಲ ಸ್ಪಷ್ಟ’ ಎಂಬ ಭಾವನೆಯನ್ನು ಮಿದುಳು ನಮ್ಮ ಕೈಗಿಡುತ್ತದೆ.

ಈ ಹೊಲಿಗೆಯನ್ನು ಕೈಯಾರೆ ಹಿಡಿಯಬೇಕೆಂದರೆ ಎರಡು ಅಡಿಕೆ ಸಾಕು. ಮೇಜಿನ ಮೇಲೆ ಚೌಕಳಿಯ ಪಂಚೆಯನ್ನು ಹಾಸಿ, ಅರ್ಧ ಗೇಣು ಅಂತರದಲ್ಲಿ ಅಕ್ಕಪಕ್ಕ ಎರಡು ಸುಲಿದ ಅಡಿಕೆಗಳನ್ನು ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಬದಿಯ ಅಡಿಕೆಯನ್ನೇ ದಿಟ್ಟಿಸಿ. ಮುಖ ಎರಡು ಗೇಣು ಮೇಲಿರಲಿ. ನಿಧಾನಕ್ಕೆ ಹತ್ತಿರ, ದೂರ ಮಾಡಿ. ಒಂದು ಜಾಗದಲ್ಲಿ ಬಲಬದಿಯ ಅಡಿಕೆ ಇಲ್ಲವಾಗುತ್ತದೆ. ತರಗತಿಯಲ್ಲಿ ಇದನ್ನು ಮಾಡಿಸಿದಾಗ ಹುಡುಗನೊಬ್ಬ “ಸರ್, ಅಡಿಕೆ ಕಳುವಾಯಿತು!” ಎಂದು ಕೂಗಿದ್ದ. ನರದ ಕಟ್ಟು ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಫ್ರಾನ್ಸಿನ ಎಡ್ಮೆ ಮಾರಿಯಟ್ 17ನೇ ಶತಮಾನದಲ್ಲಿಯೇ ಇದನ್ನು ತೋರಿಸಿಕೊಟ್ಟಿದ್ದ. ಅಡಿಕೆ ಮಾಯವಾದದ್ದಕ್ಕಿಂತ ನನಗೆ ಸೋಜಿಗವೆನಿಸುವುದು ಅದರ ಜಾಗದಲ್ಲಿ ಬಂದು ಕೂರುವ ವಸ್ತು. ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಖಾಲಿ ಜಾಗವೂ ಕಾಣುವುದಿಲ್ಲ; ಪಂಚೆಯ ಚೌಕಳಿ ತಡೆಯಿಲ್ಲದೆ ಮುಂದುವರಿಯುತ್ತದೆ. ‘ಇಲ್ಲಿ ನನ್ನ ಬಳಿ ಮಾಹಿತಿ ಇಲ್ಲ’ ಎಂದು ಮಿದುಳು ಒಪ್ಪಿಕೊಳ್ಳುವುದೇ ಇಲ್ಲ. ಸುತ್ತಲಿನ ಬಟ್ಟೆ ನೋಡಿ ತೇಪೆ ಹಾಕಿಬಿಡುತ್ತದೆ.

ಜರ್ಮನಿಯ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಇದನ್ನು ಅರಿವಿಗೆ ಬಾರದ ಊಹೆ ಎಂದು ಕರೆದ. ಇಂದಿನ ನರವಿಜ್ಞಾನಿಗಳಲ್ಲಿ ಅನೇಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಮಿದುಳು ಮೊದಲು ಊಹಿಸುತ್ತದೆ, ಇಂದ್ರಿಯಗಳಿಂದ ಬಂದ ಸುದ್ದಿ ಆ ಊಹೆಯನ್ನು ತಿದ್ದುತ್ತದೆ. ಯಕ್ಷಗಾನದ ಆಟ ನೋಡುವವರಿಗೆ ಇದು ರಾತ್ರಿಯಿಡೀ ಆಗುವ ಅನುಭವ. ವೇಷಧಾರಿ ರಂಗಸ್ಥಳದ ನಡುವೆ ನಿಂತು ಅರ್ಥ ಹೇಳುತ್ತಾನೆ. ದನಿ ಬರುವುದು ಬದಿಯಲ್ಲಿಟ್ಟ ಧ್ವನಿವರ್ಧಕದಿಂದ. ಆದರೂ ಮಾತು ಅವನ ಬಾಯಿಯಿಂದಲೇ ಹೊರಟಂತೆ ಕೇಳುತ್ತದೆ. ತುಟಿಯ ಚಲನೆಗೂ ದನಿಗೂ ತಾಳ ಕೂಡಿರುವುದರಿಂದ ಕಿವಿ ಹೇಳಿದ ದಿಕ್ಕನ್ನು ಮಿದುಳು ತಿದ್ದಿ, ಕಣ್ಣು ತೋರಿಸಿದ ಜಾಗಕ್ಕೆ ತಂದು ಕೂರಿಸುತ್ತದೆ. ಕಣ್ಣು ಮುಚ್ಚಿ ಕೇಳಿದರೆ ದನಿ ಮತ್ತೆ ಪೆಟ್ಟಿಗೆಗೆ ಓಡುತ್ತದೆ.

ನಾಲಿಗೆಯದೂ ಅದೇ ಕಥೆ. ಕಾರವಾರದ ಕಡೆ ಬಂಗಡೆ ಸಾರಿಗೆ ಜುಮ್ಮನಕಾಯಿ ಹಾಕುತ್ತಾರಲ್ಲ, ಅದರ ಗುಣ ಹೆಸರಿನಲ್ಲಿಯೇ ಇದೆ. ಚೀನಾದ ಸಿಚುವಾನ್ ಮೆಣಸು ಅದರ ದಾಯಾದಿ. 2013ರಲ್ಲಿ ಲಂಡನ್ನಿನ ಸಂಶೋಧಕರು ಆ ಮೆಣಸನ್ನು ಜನರ ತುಟಿಗೆ ಹಚ್ಚಿ, ಬೆರಳಿಗೆ ಯಂತ್ರದಿಂದ ಕಂಪನ ಕೊಟ್ಟು ಎರಡನ್ನೂ ಹೋಲಿಸಲು ಹೇಳಿದರು. ತುಟಿಯ ಜುಮ್ಮು ಸೆಕೆಂಡಿಗೆ ಸುಮಾರು 50 ಸಲದ ಅಲುಗಾಟಕ್ಕೆ ಸರಿಹೊಂದಿತು. ತುಟಿಯನ್ನು ಯಾರೂ ಅಲುಗಾಡಿಸಿರಲಿಲ್ಲ. ಅಲುಗಾಟದ ಸುದ್ದಿ ಒಯ್ಯುವ ನರಗಳನ್ನು ಮೆಣಸು ಕೆಣಕಿತ್ತು, ಮಿದುಳು ಸುದ್ದಿಯನ್ನು ನಂಬಿತ್ತು.

ಇಂಥ ಮಾತು ಬಂದಾಗ ನಮ್ಮಲ್ಲಿ ಯಾರಾದರೂ ಹಗ್ಗ ಮತ್ತು ಹಾವನ್ನು ತಂದೇ ತರುತ್ತಾರೆ. ದೊಡ್ಡ ಉದಾಹರಣೆಯೇ, ಆದರೆ ರಸ್ತೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಇಲ್ಲದ ಹಾವು ಕಾಣುತ್ತದೆ. ಮನುಷ್ಯ ಹೆದರಿ ಹಿಂದೆ ಸರಿಯುತ್ತಾನೆ, ಬದುಕುತ್ತಾನೆ. ನಮ್ಮ ತೊಂದರೆ ಅದರ ತಿರುಗುಮುರುಗು. ಇದ್ದ ದನ ಕಾಣುವುದಿಲ್ಲ, ಅಲ್ಲಿ ಖಾಲಿ ರಸ್ತೆ ಕಾಣುತ್ತದೆ. ಖಾಲಿ ರಸ್ತೆ ಕಂಡವನು ವೇಗ ಇಳಿಸುವುದಾದರೂ ಏಕೆ?

ಕತಗಾಲದ ಆ ಮೂರು ಸೆಕೆಂಡುಗಳಿಗೆ ಮರಳುತ್ತೇನೆ. ಎದುರಿನ ದೀಪದ ಬೆಳಕು ಕಣ್ಣೊಳಗೆ ಹೋಗಿ ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ. ಮಸೂರದಲ್ಲಿ, ಕಣ್ಣಿನ ಒಳದ್ರವದಲ್ಲಿ ಚದುರಿ ಇಡೀ ಅಕ್ಷಿಪಟಲದ ಮೇಲೆ ತೆಳು ಬಿಳಿ ಪರದೆ ಎಳೆಯುತ್ತದೆ. ಹೆಲ್ಮೆಟ್ಟಿನ ಗಾಜಿನ ಗೀರುಗಳೂ ಮಳೆಹನಿಗಳೂ ಅದಕ್ಕೆ ತಮ್ಮ ಪಾಲು ಸೇರಿಸುತ್ತವೆ. ದನ ಇದ್ದ ಜಾಗಕ್ಕೂ ಅದರ ಹಿಂದಿನ ರಸ್ತೆಗೂ ಮೊದಲೇ ಬೆಳಕಿನ ವ್ಯತ್ಯಾಸ ಕಡಿಮೆ; ಪರದೆ ಬಿದ್ದ ಮೇಲೆ ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ವಯಸ್ಸು ಏರಿದಂತೆ ಈ ಚದುರುವಿಕೆ ಹೆಚ್ಚು, ಒಳಗೆ ಹೋಗುವ ಬೆಳಕು ಕಡಿಮೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವುದು ಇಪ್ಪತ್ತರ ಕಣ್ಣಿಗೆ ಸಿಗುವುದರ ಸುಮಾರು ಮೂರರಲ್ಲೊಂದು ಪಾಲು. ನನ್ನ ವಯಸ್ಸು ಇವೆರಡರ ನಡುವೆ, ಅರವತ್ತಕ್ಕೆ ಹತ್ತಿರ.

ಒದ್ದೆ ರಸ್ತೆ ಇನ್ನೊಂದು ಆಟ ಆಡುತ್ತದೆ. ಒಣ ಟಾರಿನ ಒರಟು ಮೇಲ್ಮೈ ನಮ್ಮ ದೀಪದ ಬೆಳಕಿನಲ್ಲಿ ಸ್ವಲ್ಪವನ್ನಾದರೂ ನಮ್ಮ ಕಡೆ ಮರಳಿಸುತ್ತದೆ. ನೀರಿನ ಪದರ ಬಿದ್ದೊಡನೆ ಅದು ಕನ್ನಡಿ. ನಮ್ಮ ಬೆಳಕು ಮುಂದಕ್ಕೆ ಜಾರಿ ಎದುರಿನವನ ಕಣ್ಣಿಗೆ ಹೋಗುತ್ತದೆ, ಅವನದು ನಮ್ಮ ಕಣ್ಣಿಗೆ ಬರುತ್ತದೆ. ಇಬ್ಬರಿಗೂ ಸ್ವಂತ ರಸ್ತೆ ಕಪ್ಪು. ರಸ್ತೆಯ ಬಿಳಿ ಪಟ್ಟೆಯಲ್ಲಿ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಗಾಜಿನ ಸಣ್ಣ ಮಣಿಗಳಿರುತ್ತವೆ. ನೀರಿನಲ್ಲಿ ಮುಳುಗಿದರೆ ಅವೂ ಕೈಕೊಡುತ್ತವೆ. ಪಟ್ಟೆ ಬಳಿದಿದ್ದರೆ ತಾನೆ ಈ ಮಾತು ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ.

ಇನ್ನು ದನದ ಬಣ್ಣ. ಸಂಜೆ ಏಳರ ಹೊತ್ತಿಗೆ ಅಂಗಳದ ಕೆಂಪು ದಾಸವಾಳವನ್ನು ನೋಡಿದ್ದೀರಾ? ಎಲೆ ಇನ್ನೂ ತಿಳಿಯಾಗಿ ಕಾಣುತ್ತಿರುವಾಗಲೇ ಹೂವು ಕಪ್ಪಾಗಿಬಿಡುತ್ತದೆ. ಹಗಲಲ್ಲಿ ಎದ್ದು ಕಾಣುವ ಕೆಂಪೇ ಮೊದಲು ಮುಳುಗುವುದು. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಸುಮಾರು ಇನ್ನೂರು ವರ್ಷಗಳ ಹಿಂದೆ ಇದನ್ನು ಗುರುತಿಸಿದ. ಬೆಳಕು ಇಳಿದಂತೆ ಕೆಲಸ ದಂಡಕೋಶಗಳ ಕೈಗೆ ಹೋಗುತ್ತದೆ, ಅವುಗಳಿಗೆ ಕೆಂಪಿನ ಪರಿವೆ ಇಲ್ಲವೆಂದರೂ ನಡೆದೀತು. ಆದ್ದರಿಂದ ರಾತ್ರಿ ರಸ್ತೆಯಲ್ಲಿ ಕೆಂದು ದನಕ್ಕೂ ಕರಿ ದನಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ. ದನದ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಹೊಳೆಯುವ ಪದರವಿದೆ, ನಮಗೆ ಅದಿಲ್ಲ. ರಾತ್ರಿ ನಾವು ದನವನ್ನು ದೂರದಿಂದ ಗುರುತಿಸುವುದು ಬಹುಮಟ್ಟಿಗೆ ಆ ಎರಡು ಹಸಿರು ಕಿಡಿಗಳಿಂದ. ನನ್ನ ಆಕಳು ನನಗೆ ಬೆನ್ನು ಮಾಡಿ ಮಲಗಿತ್ತು.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ 14 ಮೀಟರ್. ಕಂಡು, ತಿಳಿದು, ಬ್ರೇಕಿಗೆ ಕಾಲು ಹೋಗುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ 21 ಮೀಟರ್. ಒದ್ದೆ ರಸ್ತೆಯ ಘರ್ಷಣೆಯನ್ನು 0.4 ಎಂದು ಇಟ್ಟುಕೊಂಡರೆ ನಿಲ್ಲುವುದಕ್ಕೆ ಇನ್ನೂ 25 ಮೀಟರ್. ಒಟ್ಟು 46. ಎದುರಿನ ದೀಪದ ಪ್ರಭೆ ಕಣ್ಣಿನಿಂದ ಇಳಿಯಲು ಮೂರು ಸೆಕೆಂಡು ಹಿಡಿದಿದ್ದರೆ, ಅಷ್ಟರಲ್ಲಿಯೇ 42 ಮೀಟರ್ ಕುರುಡಾಗಿ ಓಡಿದ್ದೇನೆ. ಕುರುಡಾಗಿದ್ದೇನೆಂಬುದು ನನಗೆ ಗೊತ್ತೇ ಆಗಲಿಲ್ಲ. ಪಂಚೆಯ ಚೌಕಳಿಯಂತೆ ರಸ್ತೆ ಮುಂದುವರಿದಿತ್ತು.

ಬೆಳಕು ಸರಿಯಿದ್ದರೂ ಎಲ್ಲ ಸರಿಹೋಗುವುದಿಲ್ಲ, ಏಕೆಂದರೆ ಗಮನ ಬೇರೆಯದೇ ಸೋಸುಬಟ್ಟೆ. 2013ರಲ್ಲಿ ಅಮೆರಿಕದಲ್ಲಿ 24 ಮಂದಿ ವಿಕಿರಣ ತಜ್ಞರಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಚಿತ್ರದೊಳಗೆ ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾದ ಆಕೃತಿಯನ್ನು ಸೇರಿಸಿದ್ದರು. 20 ಮಂದಿಗೆ ಅದು ಕಾಣಲಿಲ್ಲ. ಅವರ ನೋಟ ಎಲ್ಲೆಲ್ಲಿ ಬಿತ್ತು ಎಂದು ಅಳೆದಾಗ, ಕಾಣದವರಲ್ಲಿ ಹೆಚ್ಚಿನವರು ನೇರವಾಗಿ ಗೊರಿಲ್ಲಾವನ್ನೇ ನೋಡಿದ್ದರು ಎಂದು ತಿಳಿಯಿತು. ನೋಡಿದ್ದರು, ಕಂಡಿರಲಿಲ್ಲ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದಗಳಿರುವುದು ನಮ್ಮ ಅದೃಷ್ಟ. ಪೊಲೀಸ್ ದೂರಿನ ನಮೂನೆಯಲ್ಲಿ ಮಾತ್ರ ಇವೆರಡೂ ಒಂದೇ. ಅಡ್ಡರಸ್ತೆಯಿಂದ ಹೆದ್ದಾರಿಗೆ ಹತ್ತುವವನು ಲಾರಿ ಬಸ್ಸುಗಳನ್ನು ಹುಡುಕುತ್ತಿರುತ್ತಾನೆ. ಬೈಕು ಅವನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಕಂಡರೂ, ಚಿಕ್ಕದಾದ್ದರಿಂದ ಇನ್ನೂ ದೂರವಿದೆ ಎಂದು ಲೆಕ್ಕ ತಪ್ಪುತ್ತದೆ.

ಮಂಜಿನ ವಿಷಯದಲ್ಲಿ ವಿಜ್ಞಾನವೇ ಒಮ್ಮೆ ಮಾತು ಬದಲಿಸಿದೆ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ಮಂಜಿನಲ್ಲಿ ಚಾಲಕರಿಗೆ ತಮ್ಮ ವೇಗ ಕಡಿಮೆ ಎನಿಸುತ್ತದೆ, ಅದಕ್ಕೇ ಜೋರಾಗಿ ಓಡಿಸುತ್ತಾರೆ ಎಂದಿತು. 2012ರಲ್ಲಿ ಇನ್ನೊಂದು ತಂಡ ಪ್ರಯೋಗವನ್ನು ನಿಜವಾದ ಮಂಜಿಗೆ ಹತ್ತಿರವಾಗುವಂತೆ ಮಾಡಿತು. ನಿಜವಾದ ಮಂಜಿನಲ್ಲಿ ಹತ್ತಿರದ್ದು ಸ್ವಲ್ಪ ಸ್ಪಷ್ಟ, ದೂರದ್ದು ಹೆಚ್ಚು ಮಸುಕು. ಆಗ ಫಲಿತಾಂಶ ಉಲ್ಟಾ ಆಯಿತು. ವೇಗ ಇದ್ದದ್ದಕ್ಕಿಂತ ಹೆಚ್ಚೆನಿಸಿ ಚಾಲಕರು ನಿಧಾನಿಸಿದರು. ಹತ್ತಿರ ದೂರವೆನ್ನದೆ ಎಲ್ಲವೂ ಒಂದೇ ಸಮ ಮಸುಕಾದಾಗ ಮಾತ್ರ ವೇಗ ಕಡಿಮೆ ಎಂಬ ಭ್ರಮೆ. ಹಾಗಾದರೆ ದೇವಿಮನೆಯಲ್ಲಿ ಅಥವಾ ಅರಬೈಲು ಘಟ್ಟದಲ್ಲಿ ಹೊರಗೆ ಕವಿದ ಮಂಜಿಗಿಂತ, ಒಳಗಿನ ಉಸಿರಿನಿಂದ ಕಾರಿನ ಮುಂಗಾಜಿಗೂ ಹೆಲ್ಮೆಟ್ಟಿನ ಗಾಜಿಗೂ ಕಟ್ಟುವ ಆವಿಯನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ. ಎಲ್ಲವನ್ನೂ ಸಮನಾಗಿ ಮಸುಕು ಮಾಡುವುದು ಅದೇ.

ಸುರಂಗದ ಬಗ್ಗೆ ಎರಡು ಮಾತು ಸಾಕು. ಕಾರವಾರ ಮತ್ತು ಬಿಣಗಾ ನಡುವೆ ಹೆದ್ದಾರಿಯ ಸುರಂಗಕ್ಕೆ ಮಟಮಟ ಮಧ್ಯಾಹ್ನ ಹೊಕ್ಕಾಗ ಮೊದಲ ಕ್ಷಣ ಕಣ್ಣು ಕತ್ತಲುಗಟ್ಟುತ್ತದೆ, ಹೊರಬರುವಾಗ ಅಷ್ಟು ಕಷ್ಟವಾಗುವುದಿಲ್ಲ. ಬೆಳಕಿಗೆ ಹೊಂದಿಕೊಳ್ಳಲು ಕಣ್ಣಿಗೆ ಕ್ಷಣಗಳು ಸಾಕು. ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯೂ ಬೇಕು. ಆದ್ದರಿಂದಲೇ ಸುರಂಗದ ಬಾಯಿಯ ಬಳಿ ಹಗಲು ಹೊತ್ತಿನಲ್ಲಿ ಒಳಗಿಗಿಂತ ಎಷ್ಟೋ ಪಟ್ಟು ಪ್ರಖರವಾದ ದೀಪ ಉರಿಯಬೇಕೆಂಬುದು ಸುರಂಗ ಕಟ್ಟುವವರ ಶಾಸ್ತ್ರದಲ್ಲಿಯೇ ಇದೆ. ಅದು ವಿದ್ಯುತ್ತಿನ ದುಂದುವೆಚ್ಚ ಎಂದು ಹೊರಗೆ ನಿಂತು ನೋಡುವವರಿಗೆ ಅನ್ನಿಸೀತು.

ಅಂದರೆ ಮಿದುಳಿನ ಸ್ವಭಾವಕ್ಕೆ ತಕ್ಕಂತೆ ರಸ್ತೆ ಕಟ್ಟುವುದು ಹೊಸ ವಿದ್ಯೆಯೇನಲ್ಲ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ವೃತ್ತಗಳಿಗೆ ಬರುವ ವೇಗದ ರಸ್ತೆಗಳ ಮೇಲೆ ಅಡ್ಡಕ್ಕೆ ಹಳದಿ ಪಟ್ಟೆ ಬಳಿದರು, ಮುಂದೆ ಹೋದಂತೆ ಪಟ್ಟೆಗಳ ನಡುವಿನ ಅಂತರವನ್ನು ಕಿರಿದು ಮಾಡಿದರು. ಒಂದೇ ವೇಗದಲ್ಲಿದ್ದರೂ ಚಾಲಕನಿಗೆ ವೇಗ ಏರಿದಂತೆ ಭಾಸವಾಗಿ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಚತುಷ್ಪಥದಲ್ಲಿ ಅರ್ಧ ಗಂಟೆ ಓಡಿಸಿ ಹೊನ್ನಾವರ, ಭಟ್ಕಳದಂಥ ಪೇಟೆಗೆ ಬಂದವನಿಗೆ 60ರ ವೇಗವೂ ತೆವಳಿದಂತೆ ಅನ್ನಿಸುತ್ತದೆ. ಅಲ್ಲಿ ‘ನಿಧಾನವಾಗಿ ಚಲಿಸಿ’ ಫಲಕಕ್ಕಿಂತ ಇಂಥ ಪಟ್ಟೆ ಹೆಚ್ಚು ಕೆಲಸ ಮಾಡೀತು. ಓದುವುದಕ್ಕೆ ಮನಸ್ಸು ಬೇಕು, ಪಟ್ಟೆಗೆ ಅದೂ ಬೇಡ.

ದೀಪಗಳ ವಿಷಯದಲ್ಲಿ ನನಗೆ ಸಹನೆ ಕಡಿಮೆ. ಹ್ಯಾಲೊಜನ್ ಬಲ್ಬಿನ ತಂತಿ ಎಲ್ಲಿರುತ್ತದೋ ಅದನ್ನು ಲೆಕ್ಕ ಹಾಕಿ ದೀಪದ ಬಟ್ಟಲನ್ನು ಮಾಡಿರುತ್ತಾರೆ. ಅದೇ ಬಟ್ಟಲಿಗೆ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ರಸ್ತೆ ಬಿಟ್ಟು ದಿಕ್ಕಾಪಾಲಾಗುತ್ತದೆ. ಹಾಕಿಸಿಕೊಂಡವನಿಗೆ ಮುಂದಿನ ನಾಲ್ಕು ಮಾರು ಹಗಲಿನಂತೆ ಕಂಡು ಖುಷಿ. ಎದುರಿನವನ ಕಣ್ಣಿಗೆ ಕೊಳ್ಳಿ. ಹೆಲ್ಮೆಟ್ಟಿಗಾಗಿ ಕೈ ಅಡ್ಡ ಹಿಡಿಯುವ ತಪಾಸಣೆ ಈ ದೀಪಗಳಿಗಾಗಿ ಹಿಡಿದದ್ದನ್ನು ನಾನು ಇನ್ನೂ ನೋಡಿಲ್ಲ.

ಕಾಲ್ನಡಿಗೆಯವರಿಗೆ ಒಂದು ಸುಲಭದ ಉಪಾಯವಿದೆ, ಅದೂ ಮಿದುಳಿನ ಗುಟ್ಟಿನಿಂದಲೇ ಬಂದದ್ದು. ಬೆಳಗಿನ ಕತ್ತಲಲ್ಲಿ ಮೀನಿನ ಬುಟ್ಟಿ ಹೊತ್ತು ಹೊರಡುವ ಹೆಂಗಸರಿರಲಿ, ಆಟ ಮುಗಿಸಿ ಮನೆಗೆ ನಡೆಯುವವರಿರಲಿ, ‘ಗಾಡಿಯ ದೀಪ ನನಗೆ ಇಷ್ಟು ಚೆನ್ನಾಗಿ ಕಾಣುತ್ತಿದೆ, ಅವನಿಗೂ ನಾನು ಕಂಡಿರುತ್ತೇನೆ’ ಎಂದುಕೊಂಡಿರುತ್ತಾರೆ. ಅವನಿಗೆ ಕಂಡಿರುವುದಿಲ್ಲ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ತೋರಿಸಿದಂತೆ, ಕತ್ತಲೆಯಲ್ಲಿ ಮನುಷ್ಯನ ಕೀಲುಗಳಿಗೆ ಕಟ್ಟಿದ ಕೆಲವೇ ಬೆಳಕಿನ ಚುಕ್ಕೆಗಳು ಚಲಿಸಿದರೆ ಸಾಕು, ನೋಡುವವರು ಕಣ್ಣುಮುಚ್ಚಿ ತೆರೆಯುವುದರೊಳಗೆ ‘ಮನುಷ್ಯ ನಡೆಯುತ್ತಿದ್ದಾನೆ’ ಎನ್ನುತ್ತಾರೆ. ಎದೆಯ ಮೇಲೆ ಅಗಲವಾದ ರೇಡಿಯಂ ಪಟ್ಟಿ ಹಾಕಿದರೆ ಅದು ಮೈಲುಗಲ್ಲೋ ಕಂಬವೋ ಆಗಿ ತೋರಬಹುದು. ಅದೇ ಪಟ್ಟಿಯ ತುಂಡುಗಳನ್ನು ಕಾಲಿನ ಹರಡಿಗೂ ಮೊಣಕಾಲಿಗೂ ಸುತ್ತಿದರೆ ಚಾಲಕನಿಗೆ ಎಷ್ಟೋ ದೂರದಿಂದಲೇ ಮನುಷ್ಯ ಕಾಣುತ್ತಾನೆ.

ದನಕ್ಕೆ? ಮಳೆಗಾಲದಲ್ಲಿ ಸುತ್ತಲಿನ ನೆಲವೆಲ್ಲ ಕೆಸರಾಗಿರುವಾಗ ಬೇಗ ಒಣಗುವ, ಬೆಚ್ಚಗಿರುವ ಟಾರು ರಸ್ತೆ ಬಿಟ್ಟು ಏಳು ಎಂದರೆ ಅದು ಕೇಳುವುದಿಲ್ಲ. ಕಟ್ಟಿ ಸಾಕುವುದೇ ಸರಿಯಾದ ದಾರಿ, ಆ ಮಾತು ಸಾಕಿದವರ ಕಿವಿಗೆ ಬೀಳುವವರೆಗೆ ಕೊರಳಿಗೊಂದು ರೇಡಿಯಂ ಪಟ್ಟಿ. ಚಹಾದಂಗಡಿಯವರಿಗೆ ಎರಡು ಅಡಿಕೆಯ ಆಟ ತೋರಿಸಿದ ಮೇಲೆ ಅವರು ತಮ್ಮ ಮನೆಯ ಮೂರು ಆಕಳುಗಳಿಗೂ ಕಟ್ಟಿದರು. ಹದಿನೈದು ದಿನ ಬಿಟ್ಟು ಹೋದಾಗ ಅಂಗಡಿಯ ಮುಂದೆ ಮಲಗಿದ್ದ ಆಕಳಿನ ಪಟ್ಟಿ ನನ್ನ ದೀಪಕ್ಕೆ ಹೊಳೆಯಲಿಲ್ಲ. ಕೆಸರು ಮೆತ್ತಿ ಅದೂ ಕಪ್ಪಾಗಿತ್ತು.

“ಒರೆಸಬೇಕಿತ್ತೇ ಮಾಸ್ತರರೇ?” ಎನ್ನುತ್ತ ಅವರು ಚಹಾದ ಮೇಜು ಒರೆಸುವ ಬಟ್ಟೆಯನ್ನೇ ಹಿಡಿದುಕೊಂಡು ರಸ್ತೆಗಿಳಿದರು.